ಆಪ್ತಸಮಾಲೋಚಕರು ಎಂಥವರಿರಬೇಕು?

ಮೈಗೆ ಜ್ವರ ಬಂದರೆ ವೈದ್ಯರು ಉಷ್ಣಮಾಪಕವನ್ನಿಟ್ಟು ನೋಡುತ್ತಾರೆ. ರಕ್ತದ ಒತ್ತಡವನ್ನು ತಿಳಿಯಲು ತೋಳಿಗೆ ಪಟ್ಟಿ ಸುತ್ತುತ್ತಾರೆ. ಮೂಳೆ ಮುರಿದಿದ್ದರೆ ಕ್ಷ-ಕಿರಣದ ಚಿತ್ರ ತೆಗೆಸುತ್ತಾರೆ. ಆದರೆ ಪರೀಕ್ಷೆಯ ಭಯದಿಂದ ಊಟ ಸೇರದ, ಮನೆಯವರ ಎದುರು ಬಾಯಿ ಬಿಡಲಾರದ, ರಾತ್ರಿಯೆಲ್ಲ ನಿದ್ರೆಯಿಲ್ಲದೆ ಹೊರಳಾಡುವ ವಿದ್ಯಾರ್ಥಿಯೊಬ್ಬನ ಕಳವಳವನ್ನು ಅಳೆಯಲು ಯಾವ ಮಾಪಕವನ್ನು ಇಡೋಣ? ಅದಕ್ಕಾಗಿ ಸಿದ್ಧಪಡಿಸಿದ ಪ್ರಶ್ನಾವಳಿಗಳು ಉಂಟು. ಅವು ತಕ್ಕಮಟ್ಟಿಗೆ ನೆರವಾಗುತ್ತವೆ. ಆದರೂ ಕೊನೆಗೆ ಇನ್ನೊಬ್ಬ ಮನುಷ್ಯನೇ ಎದುರು ಕುಳಿತು ಕೇಳಬೇಕು. ಇಲ್ಲಿ ಕೇಳುವವನೇ ಉಪಕರಣ. ಉಪಕರಣ ಸರಿಯಿಲ್ಲದಿದ್ದರೆ ಅಳತೆಯೂ ತಪ್ಪು; ಆ ಅಳತೆಯನ್ನು ನಂಬಿ ಮಾಡಿದ ಉಪಚಾರವೂ ತಪ್ಪು. ಹಾಗಾದರೆ ಒಳ್ಳೆಯ ಉಪಕರಣ ಯಾವುದೆಂದು ಗುರುತಿಸುವುದು ಹೇಗೆ?

ಈ ಪ್ರಶ್ನೆ ಈಗ ನಮ್ಮ ಶಾಲೆ ಕಾಲೇಜುಗಳ ಬಾಗಿಲಿಗೇ ಬಂದು ನಿಂತಿದೆ. 2025ರ ಜುಲೈ ತಿಂಗಳಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಆತ್ಮಹತ್ಯೆಯನ್ನು ತಡೆಯುವ ಸಲುವಾಗಿ ಕೆಲವು ಮಾರ್ಗಸೂಚಿಗಳನ್ನು ನೀಡಿತು. 100 ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳುಳ್ಳ ವಿದ್ಯಾಸಂಸ್ಥೆಗಳಲ್ಲಿ, ಮಕ್ಕಳ ಹಾಗೂ ಹದಿಹರೆಯದವರ ಮಾನಸಿಕ ಆರೋಗ್ಯದ ವಿಷಯದಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಒಬ್ಬರಾದರೂ ಇರಬೇಕೆಂಬುದು ಅವುಗಳಲ್ಲಿ ಒಂದು. ಕುರ್ಚಿ ಮೇಜು ಹಾಕಿ ಕೊಠಡಿಯ ಮೇಲೆ ಫಲಕ ತೂಗಹಾಕುವುದು ಕಷ್ಟವಲ್ಲ. ಆ ಕುರ್ಚಿಯಲ್ಲಿ ಎಂಥವರು ಕುಳಿತಿದ್ದಾರೆಂಬುದರ ಮೇಲೆ ಒಳಗೆ ಬಂದ ಹುಡುಗನ ಅಥವಾ ಹುಡುಗಿಯ ಹಿತ ನಿಂತಿದೆ. ಆದುದರಿಂದ ಆಪ್ತಸಮಾಲೋಚಕರಿಗೆ ಇರಬೇಕಾದ ಗುಣಗಳಾವುವು, ಆ ಗುಣಗಳು ಇವೆಯೋ ಇಲ್ಲವೋ ಎಂಬುದನ್ನು ವಿಜ್ಞಾನದ ರೀತಿಯಲ್ಲಿ ಪರೀಕ್ಷಿಸಲು ಸಾಧ್ಯವೆ ಎಂಬುದನ್ನು ಇಲ್ಲಿ ನೋಡೋಣ.

ಬಾಗಿಲ ಬಳಿ ಕೇಳಿದ ಪ್ರಶ್ನೆ

‘ಸಮಾಲೋಚನೆ’ ಎಂದರೆ ಚೆನ್ನಾಗಿ, ಕೂಡಿ ಆಲೋಚಿಸುವುದು. ಒಬ್ಬರು ಹೇಳಿ ಇನ್ನೊಬ್ಬರು ತಲೆದೂಗುವುದು ಸಮಾಲೋಚನೆಯಲ್ಲ. ಇಂದು ಸರಳವೆಂದು ತೋರುವ ಈ ಮಾತನ್ನು ಶಾಸ್ತ್ರದ ಅಡಿಗಲ್ಲಾಗಿ ಮಾಡಿದವನು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರಾಜರ್ಸ್ (1902–1987).

ರಾಜರ್ಸ್ 1928ರಿಂದ ಹನ್ನೆರಡು ವರ್ಷಗಳ ಕಾಲ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ ಮಕ್ಕಳ ಸಮಸ್ಯೆಗಳನ್ನು ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿ ಕೆಲಸಮಾಡಿದನು. ಅಲ್ಲಿ ನಡೆದ ಒಂದು ಘಟನೆಯನ್ನು ಅವನೇ ಅನಂತರ ಬರೆದಿದ್ದಾನೆ. ಹಿಡಿತಕ್ಕೆ ಸಿಗದ ಮಗನನ್ನು ಕುರಿತು ಮಾತನಾಡಲು ಒಬ್ಬ ತಾಯಿ ಬರುತ್ತಿದ್ದಳು. ಆಕೆ ಮಗನನ್ನು ಚಿಕ್ಕಂದಿನಿಂದ ಮನಸಾರೆ ಒಪ್ಪಿಕೊಳ್ಳದಿದ್ದುದೇ ತೊಂದರೆಯ ಮೂಲವೆಂದು ರಾಜರ್ಸ್ ನಿರ್ಣಯಿಸಿದ್ದನು. ಆಕೆ ಹೇಳಿದ ಮಾತುಗಳನ್ನೇ ಆಧಾರವಾಗಿಟ್ಟುಕೊಂಡು ಅದನ್ನು ಆಕೆಗೆ ಮನಗಾಣಿಸಲು ಮೃದುವಾಗಿ, ತಾಳ್ಮೆಯಿಂದ ಪ್ರಯತ್ನಿಸಿದನು. ಫಲವಾಗಲಿಲ್ಲ. ಕೊನೆಗೆ ಇಬ್ಬರೂ ಸೋಲನ್ನೊಪ್ಪಿಕೊಂಡು ಭೇಟಿಯನ್ನು ನಿಲ್ಲಿಸಲು ನಿಶ್ಚಯಿಸಿದರು. ಆಕೆ ಎದ್ದು ಬಾಗಿಲವರೆಗೆ ಹೋಗಿ, ಹಿಂದಿರುಗಿ ನೋಡಿ, ಇಲ್ಲಿ ದೊಡ್ಡವರಿಗೂ ಸಮಾಲೋಚನೆ ಮಾಡುವುದುಂಟೆ ಎಂದು ಕೇಳಿದಳು. ಉಂಟೆಂದಾಗ ಮತ್ತೆ ಬಂದು ಕುಳಿತು ತನ್ನ ದಾಂಪತ್ಯದ ಕಷ್ಟವನ್ನೂ ನಿರಾಶೆಯನ್ನೂ ತೋಡಿಕೊಂಡಳು. ಮೊದಲು ಒಪ್ಪವಾಗಿ ಹೇಳಿದ್ದ ಮಗನ ಚರಿತ್ರೆಗೂ ಈ ಮಾತಿಗೂ ಹೋಲಿಕೆಯೇ ಇರಲಿಲ್ಲ. ನಿಜವಾದ ಸಮಾಲೋಚನೆ ಆರಂಭವಾದದ್ದು ಆಗ. ಕೊನೆಗೆ ಅದು ಫಲಿಸಿತು.

ಈ ಘಟನೆಯಿಂದ ರಾಜರ್ಸ್ ಕಲಿತ ಪಾಠವಿಷ್ಟು: ನೋವು ಎಲ್ಲಿದೆ, ಯಾವ ದಿಕ್ಕಿಗೆ ಹೊರಳಬೇಕು ಎಂಬುದನ್ನು ಬಲ್ಲವನು ಬಂದ ವ್ಯಕ್ತಿಯೇ. ತನ್ನ ಜಾಣತನವನ್ನು ಮೆರೆಸುವ ಅಗತ್ಯ ಸಮಾಲೋಚಕನಿಗೆ ಇಲ್ಲದಿದ್ದರೆ, ಮಾತಿನ ಗತಿಯನ್ನು ಆ ವ್ಯಕ್ತಿಗೇ ಬಿಡುವುದು ಮೇಲು.

ವೋಲ್ಟ್‌ಮಾಪಕದ ದೃಷ್ಟಾಂತ

ಇದನ್ನು ವಿದ್ಯುತ್ ಮಂಡಲದ ದೃಷ್ಟಾಂತದಿಂದ ವಿಶದಪಡಿಸಬಹುದು. ತಲಾ 10,000 ಓಮ್ ಇರುವ ಎರಡು ರೋಧಕಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ, 10 ವೋಲ್ಟಿನ ಬ್ಯಾಟರಿಗೆ ಸೇರಿಸಿರುವೆವೆಂದು ಊಹಿಸಿಕೊಳ್ಳಿ. ಪ್ರತಿಯೊಂದು ರೋಧಕದ ತುದಿಗಳ ನಡುವೆ 5 ವೋಲ್ಟ್ ಇರಬೇಕು. ಅದನ್ನು ಅಳೆಯಲು 10,000 ಓಮ್ ರೋಧವೇ ಇರುವ ಒಂದು ವೋಲ್ಟ್‌ಮಾಪಕವನ್ನು ಒಂದು ರೋಧಕಕ್ಕೆ ಸಮಾಂತರವಾಗಿ ಜೋಡಿಸಿದರೆ ಅದು 5 ಎಂದು ತೋರಿಸುವುದಿಲ್ಲ, ಸುಮಾರು 3.3 ಎಂದು ತೋರಿಸುತ್ತದೆ. ಮಾಪಕ ಕೆಟ್ಟಿದೆಯೆ? ಇಲ್ಲ. ತನ್ನ ಮೂಲಕ ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡು, ತಾನು ಅಳೆಯಬೇಕಾದ ಸ್ಥಿತಿಯನ್ನೇ ಅದು ಬದಲಾಯಿಸಿಬಿಟ್ಟಿದೆ. ಒಂದು ಕೋಟಿ ಓಮ್ ರೋಧವುಳ್ಳ ಮಾಪಕವನ್ನು ಇಟ್ಟು ನೋಡಿ. ಓದು ಬಹುತೇಕ 5ಕ್ಕೇ ಬಂದು ನಿಲ್ಲುತ್ತದೆ. ಒಳ್ಳೆಯ ವೋಲ್ಟ್‌ಮಾಪಕದ ಗುಣವೆಂದರೆ ಮಂಡಲದಿಂದ ತನಗಾಗಿ ಬಹು ಕಡಿಮೆ ತೆಗೆದುಕೊಳ್ಳುವುದು.

ಕೇಳುವವರಲ್ಲಿಯೂ ಈ ಎರಡು ಬಗೆಯವರಿದ್ದಾರೆ. ದ್ವಿತೀಯ ಪಿ.ಯು.ಸಿ. ಓದುತ್ತಿರುವ ಒಬ್ಬ ಹುಡುಗನು ಬಂದು, “ಸರ್, ಪುಸ್ತಕ ತೆರೆದರೆ ಒಂದಕ್ಷರವೂ ತಲೆಗೆ ಹತ್ತುವುದಿಲ್ಲ. ಅಪ್ಪ ಸಾಲ ಮಾಡಿ ಹಾಸ್ಟೆಲಿಗೆ ಸೇರಿಸಿದ್ದಾರೆ” ಎಂದು ಹೇಳಿದನೆನ್ನೋಣ. ಇದಕ್ಕೆ ನಾಲ್ಕು ವಿಧವಾದ ಉತ್ತರಗಳನ್ನು ಕಲ್ಪಿಸಿಕೊಳ್ಳಬಹುದು.

“ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದು. ಮೊದಲು ಆ ಮೊಬೈಲನ್ನು ದೂರ ಇಡು.” ಇದು ಉಪದೇಶ.

“ಅಷ್ಟಕ್ಕೆಲ್ಲ ಯಾಕಪ್ಪ ಯೋಚನೆ? ಎಲ್ಲ ಸರಿಹೋಗುತ್ತದೆ.” ಇದು ಸಮಾಧಾನ.

“ನಿನಗೆ ವಿಜ್ಞಾನದಲ್ಲಿ ಆಸಕ್ತಿಯಿಲ್ಲ; ಅದೇ ಕಾರಣ.” ಇದು ತೀರ್ಪು.

“ಪುಸ್ತಕದ ಮುಂದೆ ಕುಳಿತರೆ ಪಾಠಕ್ಕಿಂತ ಮೊದಲು ಅಪ್ಪ ಮಾಡಿದ ಸಾಲವೇ ಕಣ್ಣಿಗೆ ಕಟ್ಟುತ್ತದೆಯೇನೋ. ನಾನು ತಿಳಿದುಕೊಂಡದ್ದು ಸರಿಯೆ?” ಇದು ಸಮಾಲೋಚನೆಯ ಆರಂಭ.

ಮೊದಲಿನ ಮೂರೂ ಉತ್ತರಗಳಲ್ಲಿ ದುರುದ್ದೇಶವಿಲ್ಲ. ಆದರೆ ಅವುಗಳ ಅನಂತರ ಹುಡುಗನಿಗೆ ಹೇಳಲು ಏನೂ ಉಳಿಯುವುದಿಲ್ಲ. “ಆಗಲಿ ಸರ್” ಎಂದು ಎದ್ದು ಹೋಗುತ್ತಾನೆ. ನಾಲ್ಕನೆಯ ಉತ್ತರದ ಬಲ ಅದರ ಕೊನೆಯ ಪ್ರಶ್ನೆಯಲ್ಲಿದೆ. ಹುಡುಗನು ತುಸು ಯೋಚಿಸಿ, “ಸಾಲ ಅಲ್ಲ ಸರ್. ಊರಿಗೆ ಹೋದಾಗ ಅಪ್ಪ ಮಾರ್ಕ್ಸ್ ಎಷ್ಟು ಎಂದು ಕೇಳುವುದೇ ಇಲ್ಲ. ಕೇಳಿ ಬೈದಿದ್ದರೆ ಆಗುತ್ತಿತ್ತು” ಎಂದು ಹೇಳಬಹುದು. ಇಲ್ಲಿ ಸಮಾಲೋಚಕರ ಊಹೆ ತಪ್ಪಾಗಿತ್ತು. ಆದರೂ ಕೆಡುಕಾಗಲಿಲ್ಲ, ತಪ್ಪನ್ನು ತಿದ್ದುವ ಅವಕಾಶವನ್ನು ಅವರೇ ತೆರೆದಿಟ್ಟಿದ್ದರಿಂದ ನಿಜವಾದ ಮಾತು ಹೊರಗೆ ಬಂದಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಪ್ರಯೋಗಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಇದನ್ನೇ ಎತ್ತಿ ತೋರಿಸುತ್ತವೆ.

ಮೂರು ಗುಣಗಳು

1957ರಲ್ಲಿ ರಾಜರ್ಸ್ ಪ್ರಕಟಿಸಿದ ಒಂದು ಪ್ರಬಂಧ ಬಹು ಪ್ರಸಿದ್ಧವಾಯಿತು. ಸಮಾಲೋಚನೆಯಿಂದ ವ್ಯಕ್ತಿಯಲ್ಲಿ ಒಳ್ಳೆಯ ಮಾರ್ಪಾಡು ಆಗಬೇಕಾದರೆ ಸಮಾಲೋಚಕನಲ್ಲಿ ಮೂರು ಗುಣಗಳಿರಬೇಕು, ಅವು ಇರುವುದು ಎದುರಿಗಿರುವವನಿಗೆ ಸ್ವಲ್ಪವಾದರೂ ತಿಳಿಯಬೇಕು ಎಂಬುದು ಅದರ ಮುಖ್ಯ ವಾದ.

ಮೊದಲನೆಯದು ಪರಾನುಭೂತಿ. ಇದು ಅನುಕಂಪವಲ್ಲ. ಅಯ್ಯೋ ಪಾಪ ಎನ್ನುವವನು ದಡದ ಮೇಲೆ ನಿಂತಿರುತ್ತಾನೆ. ಜೊತೆಯಲ್ಲಿ ಕುಳಿತು ಅಳುವವನು ತಾನೂ ನೀರಿಗೆ ಬೀಳುತ್ತಾನೆ. ಪರಾನುಭೂತಿ ಇವೆರಡರ ನಡುವಿನದು. ಎದುರಿನವರ ಭಯವನ್ನೋ ಕೋಪವನ್ನೋ ತನ್ನದೇ ಎಂಬಂತೆ ಅರಿಯುವುದು, ಆದರೆ ‘ಎಂಬಂತೆ’ ಎಂಬುದನ್ನು ಎಂದಿಗೂ ಮರೆಯದಿರುವುದು ಇದರ ತಿರುಳು.

ಎರಡನೆಯದು ಷರತ್ತಿಲ್ಲದ ಗೌರವ. ನೀನು ಹೀಗಿದ್ದರೆ ಮಾತ್ರ ನಿನಗೆ ಬೆಲೆ ಎಂಬ ಭಾವ ಇರಬಾರದು. ಮಾಡಿದ ಕೆಲಸವನ್ನೆಲ್ಲ ಮೆಚ್ಚಬೇಕೆಂದು ಇದರ ಅರ್ಥವಲ್ಲ. ಪರೀಕ್ಷೆಯಲ್ಲಿ ನಕಲು ಮಾಡಿದವನ ನಕಲನ್ನು ಒಪ್ಪಬೇಕಾಗಿಲ್ಲ. ಆದರೆ ಅವನನ್ನು ಮನುಷ್ಯನೆಂದು ಕಾಣುವುದನ್ನು ನಿಲ್ಲಿಸಬಾರದು. ಜಾತಿ, ಭಾಷೆ, ಅಂಕ, ಉಡುಪು, ಇವು ಯಾವುವೂ ಈ ಗೌರವವನ್ನು ಹೆಚ್ಚು ಕಡಿಮೆ ಮಾಡಕೂಡದು.

ಮೂರನೆಯದು ಒಳಗೂ ಹೊರಗೂ ಒಂದಾಗಿರುವುದು. ಬಾಯಲ್ಲಿ ನಗೆ, ಕಣ್ಣು ಗಡಿಯಾರದ ಮೇಲೆ ಎಂಬಂತಿದ್ದರೆ ಹದಿಹರೆಯದವರು ಕ್ಷಣಮಾತ್ರದಲ್ಲಿ ಕಂಡುಹಿಡಿಯುತ್ತಾರೆ.

ಕೇವಲ ಮಾತನ್ನು ಹಿಂದಿರುಗಿಸಿದರೆ ಪರಾನುಭೂತಿಯಾಗದು ಎಂಬುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವುಂಟು. 1966ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೋಸೆಫ್ ವೈಜನ್‌ಬಾಮ್ ‘ಎಲೈಜಾ’ ಎಂಬ ಗಣಕಯಂತ್ರದ ಕಾರ್ಯಕ್ರಮವನ್ನು ಪ್ರಕಟಿಸಿದನು. ರಾಜರ್ಸ್ ಪದ್ಧತಿಯ ಸಮಾಲೋಚಕನಂತೆ, ಟೈಪು ಮಾಡಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು ಅದರ ಕೆಲಸ. ಅದಕ್ಕೆ ಯಾವ ಅರ್ಥವೂ ಗೊತ್ತಿರಲಿಲ್ಲ. ಆದರೂ ಜನ ಅದರೊಡನೆ ಮನಸ್ಸು ಬಿಚ್ಚಿದರು. ಅದು ಹೇಗೆ ಕೆಲಸಮಾಡುತ್ತದೆಂದು ಬಲ್ಲ ಅವನ ಕಾರ್ಯದರ್ಶಿಯೇ, ತಾನು ಅದರೊಡನೆ ಮಾತನಾಡುವಾಗ ಕೊಠಡಿಯಿಂದ ಹೊರಗೆ ಹೋಗುವಂತೆ ಅವನನ್ನು ಕೇಳಿಕೊಂಡಳು. ಕೇಳುವವರಿಗಾಗಿ ಮನುಷ್ಯನ ಹಂಬಲ ಎಷ್ಟು ತೀವ್ರವಾದುದೆಂಬುದನ್ನು ಇದು ತೋರಿಸುತ್ತದೆ. ಇಂದಿನ ಸಂಭಾಷಣಾ ಯಂತ್ರಗಳು ಎಲೈಜಾಗಿಂತ ಎಷ್ಟೋ ನಿಪುಣವಾಗಿವೆ. ಆದರೆ ನಾಳೆ ಕಾಲೇಜಿಗೆ ಬಾರದಿದ್ದರೆ ಹಾಸ್ಟೆಲಿನ ಬಾಗಿಲು ತಟ್ಟಿ ನೋಡುವ ಹೊಣೆಯನ್ನು ಹೊತ್ತವರು ಬೇರೆ.

ಗುಣವನ್ನು ಅಳೆಯಬಹುದೆ?

ರಾಜರ್ಸ್ ತನ್ನ ವಾದವನ್ನು ನಂಬಿಕೆಯ ಮಾತಾಗಿ ಬಿಡಲಿಲ್ಲ, ಪರೀಕ್ಷೆಗೆ ಒಡ್ಡಿದನು. ಅದಕ್ಕೂ ಮೊದಲು, ಓಹಿಯೋ ಸಂಸ್ಥಾನ ವಿಶ್ವವಿದ್ಯಾನಿಲಯದಲ್ಲಿದ್ದಾಗಲೇ, ಅವನು ಸಮಾಲೋಚನೆಯ ಮಾತುಕತೆಯನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಳ್ಳತೊಡಗಿದ್ದನು. ತಟ್ಟೆಯ ಒಂದು ಮಗ್ಗುಲಿನಲ್ಲಿ ಕೆಲವೇ ನಿಮಿಷಗಳ ಮಾತು ಹಿಡಿಯುತ್ತಿದ್ದ ಕಾಲವದು. 1942ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಒಬ್ಬ ವ್ಯಕ್ತಿಯ ಸಮಾಲೋಚನೆಯನ್ನು ಮೊದಲಿನಿಂದ ಕೊನೆಯವರೆಗೆ ಮಾತಿಗೆ ಮಾತಾಗಿ ಅಚ್ಚು ಹಾಕಿಸಿದನು. ಅದುವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದ ಕೆಲಸವನ್ನು ಇತರರೂ ನೋಡಿ ತೂಗುವುದು ಸಾಧ್ಯವಾಯಿತು. ವೀಕ್ಷಣೆಗೆ ಸಿಕ್ಕದ್ದು ಮಾತ್ರ ವಿಜ್ಞಾನದ ವಸ್ತುವಾಗಬಲ್ಲದು.

ಅಂದಿನಿಂದ ನಡೆದ ಸಂಶೋಧನೆಗಳು ನೂರಾರು. ಸಮಾಲೋಚಕನಿಗೂ ಬಂದವನಿಗೂ ನಡುವೆ ಬೆಳೆಯುವ ಸಹಕಾರ, ಅಂದರೆ ಪರಸ್ಪರ ವಿಶ್ವಾಸ ಹಾಗೂ ಗುರಿ ಮತ್ತು ಮಾರ್ಗಗಳ ವಿಷಯದಲ್ಲಿ ಒಮ್ಮತ, ಕೊನೆಯ ಫಲದೊಡನೆ ಎಷ್ಟು ಹೊಂದಿಕೊಂಡಿದೆ ಎಂಬುದನ್ನು 2018ರಲ್ಲಿ ಒಟ್ಟುಗೂಡಿಸಿ ಲೆಕ್ಕಹಾಕಿದರು. 295 ಅಧ್ಯಯನಗಳು, 30,000ಕ್ಕೂ ಹೆಚ್ಚು ಜನ. ಸಹಸಂಬಂಧದ ಅಂಕ ಸುಮಾರು 0.28 ಎಂದು ಬಂದಿತು. ಇದನ್ನು ವರ್ಗ ಮಾಡಿದರೆ ಸುಮಾರು 0.08, ಎಂದರೆ ಫಲಗಳಲ್ಲಿ ಕಾಣುವ ಏರಿಳಿತದ ಶೇಕಡ 8ರಷ್ಟು ಭಾಗ ಈ ಸಹಕಾರದೊಡನೆ ಜೊತೆಜೊತೆಯಾಗಿ ಸಾಗುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಬಂದವನ ಬಡತನ, ಕುಟುಂಬ, ಕಾಯಿಲೆಯ ತೀವ್ರತೆ ಮುಂತಾದ ಎಷ್ಟೋ ಕಾರಣಗಳು ಫಲವನ್ನು ನಿರ್ಧರಿಸುತ್ತಿರುವಾಗ, ಇಷ್ಟು ಸ್ಥಿರವಾಗಿ ಕಾಣಿಸಿಕೊಳ್ಳುವ ಸಂಬಂಧವನ್ನು ಕಡೆಗಣಿಸುವಂತಿಲ್ಲ.

ಗುಣವನ್ನು ಕೇಳಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದು ಮೇಲೆಂಬುದನ್ನು 2009ರಲ್ಲಿ ಟಿಮತಿ ಆಂಡರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಚೆನ್ನಾಗಿ ತೋರಿಸಿತು. ಕೋಪಗೊಂಡವರು, ಮೌನ ಹಿಡಿದವರು ಮುಂತಾದ ಕಷ್ಟದ ವ್ಯಕ್ತಿಗಳ ತುಣುಕು ಚಿತ್ರಗಳನ್ನು 25 ಮಂದಿ ಚಿಕಿತ್ಸಕರಿಗೆ ತೋರಿಸಿ, ಆ ಕ್ಷಣದಲ್ಲಿ ನೀವೇನು ಹೇಳುತ್ತೀರಿ ಎಂದು ಕೇಳಿ, ಉತ್ತರವನ್ನು ಮುದ್ರಿಸಿಕೊಂಡು ಅಂಕ ಕೊಟ್ಟರು. ಅನಂತರ ಅವರು ನೋಡಿಕೊಂಡಿದ್ದ 1,141 ಜನರ ಪರಿಣಾಮಗಳೊಡನೆ ಹೋಲಿಸಿದರು. ಈ ಅಂಕ ಹೆಚ್ಚಿದ್ದವರ ಬಳಿ ಬಂದವರು ಹೆಚ್ಚು ಸುಧಾರಿಸಿದ್ದರು. ಆದರೆ ತಮ್ಮ ಸಾಮಾಜಿಕ ಕೌಶಲವನ್ನು ಕುರಿತು ಆ ಚಿಕಿತ್ಸಕರೇ ಪ್ರಶ್ನಾವಳಿಯಲ್ಲಿ ತುಂಬಿದ ಉತ್ತರಗಳಿಂದ ಫಲವನ್ನು ಊಹಿಸಲಾಗಲಿಲ್ಲ. ಹಿತವಾದ ಮಾತನ್ನು ಸುಲಭದ ವ್ಯಕ್ತಿಯೊಡನೆ ಯಾರಾದರೂ ಆಡಬಲ್ಲರು. ಎದುರಿನವನು ಸಿಡುಕಿದಾಗಲೂ ತಾನು ಸಿಡುಕದೆ ಮಾತನ್ನು ಮುಂದುವರಿಸುವುದರಲ್ಲಿ ಯೋಗ್ಯತೆ ಇದೆ.

ಅನುಭವವೊಂದೇ ಸಾಲದು

ವಯಸ್ಸಾದ ವೈದ್ಯ, ಪಳಗಿದ ಬಡಗಿ ಎಂದು ನಾವು ಅನುಭವಕ್ಕೆ ಬೆಲೆಕೊಡುತ್ತೇವೆ. ಸಮಾಲೋಚನೆಯಲ್ಲಿಯೂ ಹಾಗೆಯೇ ಇರಬೇಕಲ್ಲವೆ? 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 170 ಚಿಕಿತ್ಸಕರನ್ನೂ ಅವರ ಬಳಿ ಬಂದ 6,591 ಜನರನ್ನೂ ವರ್ಷಗಳ ಉದ್ದಕ್ಕೂ ಗಮನಿಸಲಾಯಿತು. ಅನುಭವ ಬೆಳೆದಂತೆ ಫಲ ಉತ್ತಮಗೊಳ್ಳಲಿಲ್ಲ. ಸರಾಸರಿಯಲ್ಲಿ ಅತ್ಯಲ್ಪವಾಗಿ ಇಳಿಯಿತೆಂದೇ ಲೆಕ್ಕ ತೋರಿಸಿತು. ಕೆಲವರು ಉತ್ತಮಗೊಂಡರೆಂಬುದೂ ನಿಜ.

ಇದಕ್ಕೆ ಕಾರಣವೇನು? ಬಡಗಿಯ ಬಾಗಿಲು ಸರಿಯಾಗಿ ಕೂರದಿದ್ದರೆ ಅದು ಅವನ ಕಣ್ಣೆದುರಿಗೇ ಕಾಣುತ್ತದೆ. ಸಮಾಲೋಚಕನ ತಪ್ಪು ಹಾಗೆ ಕಾಣುವುದಿಲ್ಲ. ಪ್ರಯೋಜನವಾಗದವನು ದೂರು ಹೇಳದೆ ಬರುವುದನ್ನು ನಿಲ್ಲಿಸುತ್ತಾನೆ, ಅಷ್ಟೆ. ಮೈಕೇಲ್ ಲ್ಯಾಂಬರ್ಟನೂ ಅವನ ಸಂಗಡಿಗರೂ 2005ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ತಮ್ಮ ಬಳಿ ಬಂದವರಲ್ಲಿ ಯಾರ ಸ್ಥಿತಿ ಕೊನೆಗೆ ಹದಗೆಡಬಹುದೆಂದು ಊಹಿಸುವಂತೆ ಚಿಕಿತ್ಸಕರನ್ನು ಕೇಳಲಾಯಿತು. 550 ಜನರಲ್ಲಿ 3 ಮಂದಿಯನ್ನು ಮಾತ್ರ ಅವರು ಹೆಸರಿಸಿದರು. ನಿಜವಾಗಿ ಹದಗೆಟ್ಟವರು 40 ಮಂದಿ. ಊಹೆ ಸರಿಯಾದದ್ದು ಒಬ್ಬರ ವಿಷಯದಲ್ಲಿ. 2012ರ ಇನ್ನೊಂದು ಸಮೀಕ್ಷೆಯಲ್ಲಿ 129 ಮಂದಿ ವೃತ್ತಿನಿರತರನ್ನು ಅವರ ಸ್ಥಾನ ಸಹೋದ್ಯೋಗಿಗಳ ನಡುವೆ ಎಲ್ಲಿದೆಯೆಂದು ಕೇಳಿದಾಗ, ತಾನು ಸರಾಸರಿಗಿಂತ ಕೆಳಗಿದ್ದೇನೆಂದು ಹೇಳಿದವರು ಒಬ್ಬರೂ ಇರಲಿಲ್ಲ.

ಪ್ರಯೋಗಶಾಲೆಯಲ್ಲಿ ವರ್ನಿಯರ್ ಮಾಪಕವನ್ನು ಕೈಗೆತ್ತಿಕೊಂಡೊಡನೆ ಅದರ ಶೂನ್ಯದೋಷವೆಷ್ಟೆಂದು ನೋಡುವುದನ್ನು ವಿದ್ಯಾರ್ಥಿಗಳು ಬಲ್ಲರು. ದೋಷವಿದ್ದ ಮಾತ್ರಕ್ಕೆ ಮಾಪಕವನ್ನು ಎಸೆಯುವುದಿಲ್ಲ. ದೋಷವೆಷ್ಟೆಂದು ಗೊತ್ತಿದ್ದರೆ ಕಳೆದು ಸರಿಯಾದ ಉತ್ತರವನ್ನು ಪಡೆಯಬಹುದು. ಅಪಾಯವಿರುವುದು, ದೋಷವೇ ಇಲ್ಲವೆಂದು ನಂಬಿ ಅಳೆಯುವುದರಲ್ಲಿ. ಸಮಾಲೋಚಕರಿಗೂ ಶೂನ್ಯದೋಷವುಂಟು: ತಾನು ಬೆಳೆದ ಮನೆಯ ರೀತಿ, ತನ್ನ ಧರ್ಮ, ತನ್ನ ಯಶಸ್ಸು, ತನ್ನ ಹಳೆಯ ಗಾಯ. ತಂದೆಯೊಡನೆ ಜಗಳವಾಡಿ ಮನೆ ಬಿಟ್ಟು ಬಂದು ಮುಂದೆ ಬಂದವನಿಗೆ ಎಲ್ಲ ಹುಡುಗರಿಗೂ ಅದೇ ದಾರಿ ಸರಿಯೆಂದು ತೋರಬಹುದು. ತನ್ನ ಓರೆಯನ್ನು ತಾನರಿತವನು ಅದನ್ನು ಕಳೆದು ಕೇಳಬಲ್ಲನು.

ಹಾಗಾದರೆ ಸಮಾಲೋಚಕನು ಸದಾ ಅಳುಕುತ್ತಿರಬೇಕೆ? ಹಾಗೂ ಅಲ್ಲ. 2017ರಲ್ಲಿ ಪ್ರಕಟವಾದ ನಾರ್ವೆ ದೇಶದ ಅಧ್ಯಯನವೊಂದು, ವ್ಯಕ್ತಿಯಾಗಿ ತನ್ನನ್ನು ತಾನು ಸ್ನೇಹದಿಂದ ಕಾಣುತ್ತ, ವೃತ್ತಿಯಲ್ಲಿ ಮಾತ್ರ ತಾನು ಮಾಡಿದ್ದು ಸರಿಯೇ ಎಂದು ಸಂದೇಹಪಡುವ ಚಿಕಿತ್ಸಕರ ಬಳಿ ಬಂದವರು ಹೆಚ್ಚು ಸುಧಾರಿಸಿದರೆಂದು ಕಂಡಿತು. ತನ್ನ ಮೇಲೆ ದ್ವೇಷವಿಲ್ಲದ, ಆದರೆ ತನ್ನ ತೀರ್ಮಾನದ ಮೇಲೆ ಕಣ್ಣಿಟ್ಟಿರುವ ಮನಸ್ಸು, ಇದೇ ಬೇಕಾದುದು.

ಗೋವೆಯ ಪ್ರಯೋಗ

ತಪ್ಪನ್ನು ತಿದ್ದಿಕೊಳ್ಳುವ ಏರ್ಪಾಡಿದ್ದರೆ ಎಂಥ ಫಲ ಸಿಗುವುದೆಂಬುದಕ್ಕೆ ನಮ್ಮ ನೆರೆಯ ಗೋವೆಯಲ್ಲೇ ಉದಾಹರಣೆಯಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ವರದಿ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀವ್ರವಾದ ಖಿನ್ನತೆಯಿಂದ ಬಳಲುತ್ತಿದ್ದ 495 ಜನರು ಇದರಲ್ಲಿ ಭಾಗವಹಿಸಿದರು. ಸಮಾಲೋಚನೆ ಮಾಡಿದವರು ವೈದ್ಯರಲ್ಲ, ಮನಶ್ಶಾಸ್ತ್ರದ ಪದವೀಧರರೂ ಅಲ್ಲ. ಮಾನಸಿಕ ಚಿಕಿತ್ಸೆಯಲ್ಲಿ ಹಿಂದೆ ಯಾವ ಶಿಕ್ಷಣವನ್ನೂ ಪಡೆಯದ ಸ್ಥಳೀಯ ಜನರು. ಅವರಿಗೆ ಕೆಲವು ವಾರಗಳ ತರಗತಿ, ಅನಂತರ ಮೇಲ್ವಿಚಾರಣೆಯಲ್ಲಿ ಅಭ್ಯಾಸ ದೊರೆಯಿತು. ಮೂರು ತಿಂಗಳ ಬಳಿಕ ನೋಡಿದಾಗ, ಸಾಮಾನ್ಯ ಆರೈಕೆಯನ್ನಷ್ಟೇ ಪಡೆದವರಲ್ಲಿ ಶೇಕಡ 39 ಮಂದಿ ಖಿನ್ನತೆಯಿಂದ ಹೊರಬಂದಿದ್ದರು; ಅದರ ಜೊತೆಗೆ ಈ ಸಮಾಲೋಚಕರ ನೆರವನ್ನೂ ಪಡೆದವರಲ್ಲಿ ಶೇಕಡ 64 ಮಂದಿ.

ಇದರ ಗುಟ್ಟು ಏನು? ಈ ಸಮಾಲೋಚಕರು ತಮ್ಮ ಮಾತುಕತೆಗಳನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಬಳಿಕ ಗುಂಪಾಗಿ ಕುಳಿತು ಒಬ್ಬರು ಇನ್ನೊಬ್ಬರ ಮಾತುಕತೆಯನ್ನು ಕೇಳಿ, ನಿಶ್ಚಿತವಾದ ಅಳತೆಗೋಲಿನಿಂದ ಅಂಕ ಕೊಟ್ಟು, ಎಲ್ಲಿ ತಪ್ಪಿತೆಂದು ಚರ್ಚಿಸುತ್ತಿದ್ದರು. ರಾಜರ್ಸ್‌ನ ಗ್ರಾಮಫೋನ್ ತಟ್ಟೆಯ ಕೆಲಸವೇ ಇಲ್ಲಿ ಹೊಸ ರೂಪದಲ್ಲಿ ನಡೆಯಿತು. ಹೀಗೆಂದ ಮಾತ್ರಕ್ಕೆ ಓದು ಬೇಡವೆಂದು ತಿಳಿಯಬಾರದು. ಅವರಿಗೆ ಒಂದು ಖಚಿತವಾದ ವಿಧಾನವನ್ನು ಕಲಿಸಲಾಗಿತ್ತು, ತಜ್ಞರ ಬೆಂಬಲವಿತ್ತು, ಕೈಮೀರಿದವರನ್ನು ವೈದ್ಯರಿಗೆ ಒಪ್ಪಿಸುವ ದಾರಿಯೂ ಇತ್ತು. ಹುಟ್ಟುಗುಣ, ಕಲಿತ ವಿದ್ಯೆ, ಪರಸ್ಪರ ತಿದ್ದುಪಡಿ ಈ ಮೂರೂ ಕೂಡಿದಾಗ ಫಲ ಬಂದಿತು.

ವೃತ್ತಿಯ ಕಟ್ಟುಪಾಡು

ಸದ್ಗುಣವೊಂದೇ ಇದ್ದು ವೃತ್ತಿಯ ಶಿಸ್ತು ಇಲ್ಲದಿದ್ದರೆ ಅಪಾಯವುಂಟು. ಆ ಶಿಸ್ತಿನಲ್ಲಿ ಮುಖ್ಯವಾದ ಅಂಶಗಳು ಮೂರು.

ಒಂದು, ಗುಟ್ಟನ್ನು ಕಾಪಾಡುವುದು. ಆಪ್ತಕೊಠಡಿಯಲ್ಲಿ ಆಡಿದ ಮಾತು ಅಧ್ಯಾಪಕರ ಕೊಠಡಿಯ ಚಹಾ ವೇಳೆಯಲ್ಲಿ ಕೇಳಿಬಂದರೆ, ಆ ಕಾಲೇಜಿನಲ್ಲಿ ಇನ್ನು ಯಾರೂ ಬಾಯಿ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಮಾನಸಿಕ ಕಾಯಿಲೆಯುಳ್ಳವರಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಪ್ರಾಣಕ್ಕೆ ಅಪಾಯ ಒದಗುವಂಥ ಸಂದರ್ಭಗಳಿಗೆ ವಿನಾಯಿತಿಯನ್ನೂ ಇಟ್ಟಿದೆ. ಒಳ್ಳೆಯ ಸಮಾಲೋಚಕರು ಈ ಎಲ್ಲೆಯನ್ನು ಮೊದಲ ದಿನವೇ ಬಿಡಿಸಿ ಹೇಳುತ್ತಾರೆ. ಎಲ್ಲವನ್ನೂ ಗುಟ್ಟಾಗಿಡುವೆನೆಂದು ಮಾತುಕೊಟ್ಟು ಅನಂತರ ಮುರಿಯುವುದಿಲ್ಲ.

ಎರಡು, ಕಷ್ಟದ ಪ್ರಶ್ನೆಯನ್ನು ನೇರವಾಗಿ ಕೇಳುವ ಧೈರ್ಯ. ಸಾಯುವ ಯೋಚನೆ ಬಂದಿದೆಯೆ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂದು ಅನೇಕರು ಹೆದರುತ್ತಾರೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಲಾಯಿತು. ಆ ಪ್ರಶ್ನೆಯನ್ನು ಕೇಳಿಸಿಕೊಂಡವರಲ್ಲಿ ಕಳವಳವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. ಕೇಳದೆ ಬಿಡುವುದರಲ್ಲಿಯೇ ಹೆಚ್ಚಿನ ಅಪಾಯವಿದೆ.

ಮೂರು, ತನ್ನ ಎಲ್ಲೆಯನ್ನು ಅರಿಯುವುದು. ಕಿವಿಯಲ್ಲಿ ಇಲ್ಲದ ಧ್ವನಿ ಕೇಳಿಸುವುದು, ವಾರಗಟ್ಟಲೆ ಊಟ ನಿದ್ರೆ ಬಿಡುವುದು ಮುಂತಾದವು ಮನೋವೈದ್ಯರು ನೋಡಬೇಕಾದ ಲಕ್ಷಣಗಳು. ಇದು ನನ್ನಿಂದ ಆಗದು, ನಿನ್ನೊಡನೆ ನಾನೂ ಬಂದು ತೋರಿಸುತ್ತೇನೆ ಎನ್ನುವುದು ಸೋಲಲ್ಲ. ಈ ವಿಷಯದಲ್ಲಿ ಕರ್ನಾಟಕ ಭಾಗ್ಯಶಾಲಿ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಚಿಕಿತ್ಸೆಯ ಜೊತೆಗೆ, ದೇಶಕ್ಕೆ ಬೇಕಾದ ಮನೋವೈದ್ಯರನ್ನೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೂ ಅದು ತಯಾರುಮಾಡುತ್ತಿದೆ.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು

ಇಷ್ಟನ್ನು ತಿಳಿದ ಮೇಲೆ, ಸಮಾಲೋಚಕರ ಬಳಿಗೆ ಹೋಗುವ ವಿದ್ಯಾರ್ಥಿಯು ಸುಮ್ಮನೆ ಪರೀಕ್ಷೆಗೆ ಒಳಗಾಗುವವನಲ್ಲ, ತಾನೂ ಪರೀಕ್ಷಿಸಬಲ್ಲನು. ಅವರು ಎಲ್ಲಿ ತರಬೇತಿ ಪಡೆದಿದ್ದಾರೆ, ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ತಮ್ಮ ಕೆಲಸವನ್ನು ಚರ್ಚಿಸುತ್ತಾರೆಯೆ ಎಂದು ಕೇಳುವುದು ಅವಿನಯವಲ್ಲ. ಎರಡು ಮೂರು ಭೇಟಿಗಳಾದ ಮೇಲೆ ನಮ್ಮನ್ನು ನಾವೇ ಕೇಳಿಕೊಳ್ಳೋಣ: ನಾನು ಹೇಳಿದ್ದು ಅವರಿಗೆ ಅರ್ಥವಾಯಿತೆ? ಅರ್ಥವಾಗದಿದ್ದಾಗ “ಅದು ಹಾಗಲ್ಲ” ಎಂದು ಹೇಳುವಷ್ಟು ಸಲುಗೆ ನನಗಿದೆಯೆ? ಹೇಳಿದಾಗ ಅವರು ಮುಖ ಸಿಂಡರಿಸಿದರೋ, ಸಂತೋಷದಿಂದ ತಿದ್ದಿಕೊಂಡರೋ? ಕೊನೆಯ ಪ್ರಶ್ನೆಗೆ ದೊರೆಯುವ ಉತ್ತರ ಪ್ರಮಾಣಪತ್ರದಷ್ಟೇ ಬೆಲೆಯುಳ್ಳದ್ದು. ಒಬ್ಬರೊಡನೆ ಹೊಂದಿಕೆಯಾಗದಿದ್ದರೆ ತನ್ನಲ್ಲಿಯೇ ಕೊರತೆಯಿದೆಯೆಂದು ಕುಗ್ಗಬೇಕಾಗಿಲ್ಲ, ಇನ್ನೊಬ್ಬರನ್ನು ನೋಡಬಹುದು.

ಕಾಲೇಜಿನಲ್ಲಿ ಅಂಥವರು ಯಾರೂ ಇಲ್ಲದಿದ್ದರೆ, ಅಥವಾ ನಡುರಾತ್ರಿಯಲ್ಲಿ ಮನಸ್ಸು ತಡೆಯದಾದರೆ, 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಇದು 2022ರ ಅಕ್ಟೋಬರ್‌ನಲ್ಲಿ ಭಾರತ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆ. ದಿನದ 24 ಗಂಟೆಯೂ ಹಣವಿಲ್ಲದೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ವಿದ್ಯಾರ್ಥಿಗಳು ತಮ್ಮ ಸಂಕಟವನ್ನು ಮೊದಲು ಹೇಳಿಕೊಳ್ಳುವುದು ಬಹುಮಟ್ಟಿಗೆ ಪಕ್ಕದ ಬೆಂಚಿನ ಗೆಳೆಯನಿಗೆ, ಹಾಸ್ಟೆಲಿನ ಗೆಳತಿಗೆ. ಗೆಳೆಯರು ಸಮಾಲೋಚಕರಾಗಬೇಕಾಗಿಲ್ಲ. ಆದರೆ ಅರ್ಧ ಗಂಟೆ ಉಪದೇಶ ಮಾಡದೆ ಕೇಳುವುದು, ತಿಳಿದದ್ದು ಸರಿಯೇ ಎಂದು ವಿಚಾರಿಸುವುದು, ಪ್ರಾಣಾಪಾಯದ ಸುಳಿವು ಕಂಡರೆ ಗುಟ್ಟಿನ ಆಣೆಯನ್ನು ಬದಿಗಿಟ್ಟು ಹಿರಿಯರೊಬ್ಬರಿಗೆ ತಿಳಿಸುವುದು, ಈ ಮೂರನ್ನು ಯಾರಾದರೂ ಮಾಡಬಹುದು. ಅಳತೆಯ ಉಪಕರಣವು ತನ್ನ ದೋಷವನ್ನು ತಾನೇ ಕಂಡುಹಿಡಿಯಲಾರದು. ಅದನ್ನು ತಿದ್ದಲು ಹೊರಗಿನ ಪ್ರಮಾಣವೊಂದು ಬೇಕು. ಆಪ್ತಸಮಾಲೋಚಕರಿಗೆ ಆ ಪ್ರಮಾಣ ಎದುರಿಗೇ ಕುಳಿತಿರುತ್ತದೆ. ಅದನ್ನು ಕೇಳುವ ವಿನಯವುಳ್ಳವರು ದಿನದಿನಕ್ಕೂ ಉತ್ತಮಗೊಳ್ಳುತ್ತಾರೆ.